ಬಲ್ಬಿನ ಸೊಟ್ಟ ಗೆರೆ

ಮ್ಯಾಗಜೀನ್‌ಗೆ ಏನಾದರೂ ಬರೆದು ಕೊಡಿ ಅಂದಾಗ ಮೊದಲು ನೆನಪಾಗಿದ್ದು ನಮ್ಮ ಲ್ಯಾಬಿನ ಕಿಟಕಿ ಪಕ್ಕದ ಮೇಜು. ಜೊತೆಗೆ, ಅಲ್ಲಿ ನಾನು ಮಾಡಿದ ಒಂದು ಸಣ್ಣ ಕಳ್ಳತನ.

ಹತ್ತನೇ ಕ್ಲಾಸು, ಓಮ್ ನಿಯಮದ ಪ್ರಯೋಗ. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೋಧ (ಕರೆಂಟಿಗೆ ಆಗೋ ಅಡ್ಡಿ), ಎರಡನ್ನೂ ಗುಣಿಸಿದರೆ ಪವರ್. ಇಷ್ಟೇ ಅಲ್ವಾ, ಇದಕ್ಕೆ ಲ್ಯಾಬ್ ಯಾಕೆ ಅಂತ ನನ್ನ ಧಿಮಾಕು. ಮೊದಲು ನಿಕ್ರೋಮ್ ತಂತಿ ಕೊಟ್ಟರು. 2 ವೋಲ್ಟಿಗೆ 0.4 ಆಂಪಿಯರ್, 4 ವೋಲ್ಟಿಗೆ 0.8. ಎರಡು ಸಲವೂ 5 ಓಮ್. ಗ್ರಾಫು ಸ್ಕೇಲ್ ಇಟ್ಟು ಎಳೆದ ಹಾಗೆ ನೆಟ್ಟಗೆ ಬಂತು. ಪವರ್ ಮಾತ್ರ 0.8 ವ್ಯಾಟಿನಿಂದ 3.2ಕ್ಕೆ ಹಾರಿತು. ವೋಲ್ಟೇಜ್ ಎರಡು ಪಟ್ಟಾದರೆ ಕರೆಂಟೂ ಎರಡು ಪಟ್ಟಾಗುತ್ತದೆ, ಹಾಗಾಗಿ ಪವರ್ ನಾಲ್ಕು ಪಟ್ಟು. ಪವರಿನ ಸೂತ್ರವನ್ನು ರೋಧ ಹಾಕಿ ಬರೆದಾಗ ವೋಲ್ಟೇಜಿನ ವರ್ಗ ಯಾಕೆ ಬರುತ್ತದೆ ಅಂತ ನನಗೆ ಗೊತ್ತಾಗಿದ್ದು ಆವತ್ತೇ.

ಆಮೇಲೆ ಟಾರ್ಚ್ ಬಲ್ಬು. 6 ವೋಲ್ಟಿಗೆ ಮೀಟರಿನ ಮುಳ್ಳು 300ಕ್ಕೆ ನಿಂತಿತು. ಅದು ಮಿಲಿಆಂಪಿಯರ್ ಅನ್ನೋದನ್ನು ನೋಡದೆ ಸುಮ್ನೆ ಗುಣಿಸಿದೆ: 1800 ವ್ಯಾಟ್! ಮೇಷ್ಟ್ರು ಪುಸ್ತಕ ನೋಡಿ, "ಇದು ಟಾರ್ಚೋ, ಸ್ನಾನದ ಗೀಸರೋ?" ಅಂದರು. ಲ್ಯಾಬೆಲ್ಲ ನಗು. ತಿದ್ದಿಕೊಂಡೆ: 0.3 ಆಂಪಿಯರ್, 20 ಓಮ್, 1.8 ವ್ಯಾಟ್.

ನಿಜವಾದ ತಲೆನೋವು ಅದಾದ ಮೇಲೆ. 3 ವೋಲ್ಟಿಗೆ ಅರ್ಧ, ಅಂದರೆ 0.15 ಬರಬೇಕಿತ್ತು, 0.20 ಬಂತು. ರೋಧ 15 ಓಮ್. 1 ವೋಲ್ಟಿಗೆ ಇಳಿಸಿದರೆ 0.11, ಅಂದರೆ ಸುಮಾರು 9 ಓಮ್. ವೈರುಗಳನ್ನೆಲ್ಲ ಬಿಗಿ ಮಾಡಿದೆ, ಮೀಟರನ್ನು ಬೆರಳಿನಿಂದ ತಟ್ಟಿದೆ. ಉಹೂಂ. ಬೆಲ್ ಹೊಡೆಯೋ ಹೊತ್ತು. 0.20 ಇದ್ದಲ್ಲಿ 0.15 ಬರೆದೆ, ಮಿಕ್ಕಿದ್ದನ್ನೂ ಲೆಕ್ಕಕ್ಕೆ ಸರಿಯಾಗಿ ಕೂರಿಸಿದೆ, ನೆಟ್ಟಗಿನ ಗೆರೆ ಎಳೆದೆ.

ಮೇಷ್ಟ್ರು ಬೈಯಲಿಲ್ಲ. ಬಲ್ಬನ್ನು ಮತ್ತೆ ಹಚ್ಚಿಸಿ, "ಮುಟ್ಟಿ ನೋಡು" ಅಂದರು. ಬಿಸಿಯಾಗಿತ್ತು. "ತಂತಿ ಇಷ್ಟು ಕಾಯ್ತಾ?" ಇಲ್ಲ. ಅಷ್ಟೇ ಮಾತು. ಬಲ್ಬಿನೊಳಗಿನ ಟಂಗ್‌ಸ್ಟನ್ ಎಳೆ ಕಾದಷ್ಟೂ ಅದರ ಪರಮಾಣುಗಳು ಜಾಸ್ತಿ ಅಲುಗಾಡುತ್ತವೆ, ಎಲೆಕ್ಟ್ರಾನುಗಳ ದಾರಿಗೆ ಅಷ್ಟೂ ಅಡ್ಡಿ. ರೋಧ ಏರುತ್ತದೆ, ಗೆರೆ ಬಾಗುತ್ತದೆ. ನನ್ನ ಮೀಟರ್ ಸುಳ್ಳು ಹೇಳಿರಲಿಲ್ಲ. ಬಲ್ಬು ಆರಿ ತಣ್ಣಗಾದಾಗ ಮಲ್ಟಿಮೀಟರ್ ಇಟ್ಟರು: ಎರಡೂವರೆ ಓಮೂ ಇಲ್ಲ! ಸ್ವಿಚ್ ಹಾಕಿದ ಕ್ಷಣದಲ್ಲಿ ಕರೆಂಟು ಒಮ್ಮೆಲೇ ನುಗ್ಗೋದು, ಹಳೇ ಬಲ್ಬುಗಳು ಜಾಸ್ತಿ ಆಗಲೇ ಸುಟ್ಟುಹೋಗೋದು ಇದಕ್ಕೇ.

ಹೋಗುವಾಗ ಇನ್ನೊಂದು ವಿಷಯ ಹೇಳಿದರು. ಈ ನಿಯಮ ಕಂಡುಹಿಡಿದ ಓಮ್ ಕೂಡ ಶಾಲೆಯಲ್ಲಿ ಪಾಠ ಹೇಳುತ್ತಿದ್ದವನು. ಮೊದಮೊದಲು ಅವನ ಬ್ಯಾಟರಿಯ ವೋಲ್ಟೇಜ್ ಒಂದೇ ಸಮ ನಿಲ್ಲುತ್ತಿರಲಿಲ್ಲವಂತೆ, ರೀಡಿಂಗ್ ಜಾರುತ್ತಿತ್ತಂತೆ. ಬ್ಯಾಟರಿ ಬಿಟ್ಟು ಬಿಸ್ಮತ್ ಮತ್ತು ತಾಮ್ರ ಸೇರಿಸಿದ ಉಷ್ಣಯುಗ್ಮ ಹಿಡಿದ; ಎರಡು ಲೋಹಗಳ ಒಂದು ಬೆಸುಗೆ ಬಿಸಿ, ಇನ್ನೊಂದು ತಣ್ಣಗೆ ಇಟ್ಟರೆ ಅದು ಒಂದೇ ಸಮನಾದ ವೋಲ್ಟೇಜ್ ಕೊಡುತ್ತದೆ. 1827ರಲ್ಲಿ ಈ ನಿಯಮದ ಬಗ್ಗೆ ಅವನ ಪುಸ್ತಕ ಬಂತು.

ಆ ರೆಕಾರ್ಡ್ ಪುಸ್ತಕ ಈಗಲೂ ನನ್ನ ಹತ್ತಿರ ಇದೆ. 0.15 ಅಳಿಸಿ 0.20 ಬರೆದ ಜಾಗದಲ್ಲಿ ರಬ್ಬರ್ ಉಜ್ಜಿ ಉಜ್ಜಿ ಹಾಳೆ ತೆಳ್ಳಗಾಗಿದೆ. ಬೆಳಕಿಗೆ ಹಿಡಿದರೆ ಹಿಂದಿನ ಪುಟದ ನಿಕ್ರೋಮಿನ ನೆಟ್ಟನೆ ಗೆರೆ ಅಲ್ಲಿ ಕಾಣುತ್ತದೆ.