ಸೈಕಲ್ ತುಳಿದು ಕವಿಯಾದವರು

ಅಮೆರಿಕದ ಕವಯಿತ್ರಿ ಕೇ ರಯಾನ್ ಬಗ್ಗೆ ಓದ್ತಾ ಇದ್ದೆ. ಹುಟ್ಟಿದ್ದು 1945ರಲ್ಲಿ, ಬೆಳೆದದ್ದು ಕ್ಯಾಲಿಫೋರ್ನಿಯಾದ ಒಣ ಊರುಗಳಲ್ಲಿ. ಅಪ್ಪ ಎಣ್ಣೆಬಾವಿ ಕೊರೆಯೋ ಕೆಲಸದವರು. ಬರವಣಿಗೆಯೇ ತನ್ನ ದಾರಿಯಾ ಅನ್ನೋ ಗೊಂದಲ ಬಗೆಹರಿದದ್ದು 1976ರಲ್ಲಿ, ಸೈಕಲ್ ಮೇಲೆ ಇಡೀ ದೇಶ ದಾಟುವಾಗ! ಮೊದಲ ಸಂಕಲನ 1983ರಲ್ಲಿ, ಅದೂ ಗೆಳೆಯರ ನೆರವಿನಿಂದ. ಹೊಟ್ಟೆಪಾಡಿಗೆ ಮೂವತ್ತಕ್ಕೂ ಹೆಚ್ಚು ವರ್ಷ ಕಾಲೇಜಿನಲ್ಲಿ ಇಂಗ್ಲಿಷ್ ತಡವರಿಸುವವರಿಗೆ ಪಾಠ. ಕವಿತೆ ಬರೆಯೋದನ್ನು ಕಲಿಸೋ ಮೇಷ್ಟ್ರಗಿರಿಯಿಂದ ಮಾತ್ರ ದೂರ. (ಜಾಣೆ!)

2008ರಲ್ಲಿ ದೇಶದ ಆಸ್ಥಾನಕವಿ ಪಟ್ಟ, 2011ರಲ್ಲಿ ಪುಲಿಟ್ಜರ್ ಪ್ರಶಸ್ತಿ. ಕವಿತೆಗಳೋ ಗೇಣುದ್ದ, ಪ್ರಾಸ ಸಾಲಿನ ಕೊನೆಗೆ ಬರದೆ ಎಲ್ಲೋ ನಡುವೆ ಅವಿತು ಕೂತಿರುತ್ತೆ, ಹುಡುಕಬೇಕು.

ಪೋಸ್ಟ್ ಹಾಕಿದ ಕೂಡಲೇ ಲೈಕ್ ಎಣಿಸೋ ನಮಗೆ ಇಷ್ಟು ಕಾಯೋ ತಾಳ್ಮೆ ಎಲ್ಲಿಂದ ಬರಬೇಕು? ನನಗಂತೂ ಹೊಟ್ಟೆಕಿಚ್ಚು.