ಶನಿವಾರಕ್ಕೆ ಇನ್ನು ಎರಡು ರಾತ್ರಿ

ಗುರುವಾರ, 19 ಜುಲೈ 2007

ಇಂದು ಬೇಸಿಗೆ ಶಿಬಿರದ ಕೆಲಸದಿಂದ ನನಗೆ ಅರ್ಧ ದಿನ ರಜೆ. ರಾತ್ರಿ ಎಂಟಕ್ಕೆ ಮಕ್ಕಳ ಕುಟೀರಕ್ಕೆ ಮರಳಿದರೆ ಸಾಕು. ಬೇರೆ ವಾರಗಳಲ್ಲಾದರೆ ಈ ಹೊತ್ತಿಗೆ ಬಟ್ಟೆ ಒಗೆದು, ಇಮೇಲ್ ನೋಡಿ, ಒಂದು ನಿದ್ದೆಯನ್ನೂ ಮುಗಿಸಿರುತ್ತಿದ್ದೆ. ಈ ವಾರ ಇಮೇಲ್ ತೆರೆಯುವ ಧೈರ್ಯವಿಲ್ಲ. ಹ್ಯಾರಿ ಪಾಟರ್ ಸರಣಿಯ ಏಳನೆಯ, ಕೊನೆಯ ಪುಸ್ತಕ 21ರಂದು ಹೊರಬರುತ್ತದೆ. ಅದರ ಪುಟಗಳನ್ನು ಯಾರೋ ಫೋಟೊ ತೆಗೆದು ಈಗಾಗಲೇ ಅಂತರ್ಜಾಲಕ್ಕೆ ಏರಿಸಿಬಿಟ್ಟಿದ್ದಾರೆ. ಪತ್ರಿಕೆಯೊಂದರಲ್ಲಿ ವಿಮರ್ಶೆಯೂ ಬಂದುಬಿಟ್ಟಿದೆಯಂತೆ. ಬೆಳಿಗ್ಗೆ ಸಿಬ್ಬಂದಿಯ ಕೋಣೆಯಲ್ಲಿ ಒಬ್ಬ ಹುಡುಗ "ಯಾರು ಸಾಯುತ್ತಾರೆಂದು ನನಗೆ ಗೊತ್ತು" ಎಂದು ಬಾಯಿ ತೆರೆದ. ಕೈಯಲ್ಲಿದ್ದ ಲೋಟವನ್ನು ಅಲ್ಲಿಯೇ ಇಟ್ಟು, ಎರಡೂ ಕಿವಿ ಮುಚ್ಚಿಕೊಂಡು ಹೊರಗೆ ಬಂದೆ. ಆಮೇಲೆ ಅವನನ್ನು ದೋಣಿಗಳ ಹತ್ತಿರ ಹಿಡಿದು ನಿಲ್ಲಿಸಿ, ಮಕ್ಕಳ ಎದುರು ಒಂದಕ್ಷರ ಆಡಿದರೂ ಜನ್ಮದಲ್ಲಿ ನಿನ್ನನ್ನು ಮಾತನಾಡಿಸುವುದಿಲ್ಲ ಎಂದು ಹೇಳಿದೆ. ಮನಸ್ಸಿನಿಂದಲೇ ಹೇಳಿದೆ. ಅವನಿಗೂ ಅದು ಅರ್ಥವಾಯಿತು.

ಇಷ್ಟು ಕಠಿಣವಾಗಲು ಕಾರಣವಿದೆ. 2005ರ ಜುಲೈ 16ರಂದು ಆರನೆಯ ಪುಸ್ತಕ ಬಂದಾಗ ನನ್ನ ಕೈಯಲ್ಲಿ ಇನ್ನೂ ಮೊದಲ ಅಧ್ಯಾಯವಿತ್ತು. ಸರದಿಯಲ್ಲಿ ನನ್ನ ಹಿಂದೆ ನಿಂತಿದ್ದ ಒಬ್ಬಾತ, ಗುರುತಿಲ್ಲ ಪರಿಚಯವಿಲ್ಲ, ಕೊನೆಯ ಪುಟಗಳನ್ನು ತಿರುವಿ ನೋಡಿ, ಯಾರು ಯಾರನ್ನು ಕೊಂದರು ಎಂಬುದನ್ನು ಗಟ್ಟಿಯಾಗಿ ಓದಿ ಹೇಳಿದ. ಮುಂದಿನ ಆರುನೂರು ಚಿಲ್ಲರೆ ಪುಟಗಳನ್ನು ನಾನು ಸಾವಿನ ಮನೆಗೆ ಹೊರಟವಳ ಹಾಗೆ ಓದಿದೆ. ಹ್ಯಾರಿಯ ಮಾಂತ್ರಿಕ ಶಾಲೆಯ ಮುಖ್ಯೋಪಾಧ್ಯಾಯ ಡಂಬಲ್‌ಡೋರ್ ನಕ್ಕಾಗಲೆಲ್ಲ ಹೊಟ್ಟೆಯಲ್ಲಿ ಸಂಕಟ. ಹನ್ನೊಂದನೆಯ ವಯಸ್ಸಿನಿಂದ ಜೊತೆಗಿದ್ದ ಕಥೆ ಅದು. ನಾಲ್ಕನೆಯದಕ್ಕೂ ಐದನೆಯದಕ್ಕೂ ನಡುವೆ, 2000ದ ಜುಲೈಯಿಂದ 2003ರ ಜೂನ್‌ವರೆಗೆ, ಸುಮಾರು ಮೂರು ವರ್ಷ ಕಾದವಳು ನಾನು. ಅಷ್ಟು ಕಾದು ಬಂದ ಒಂದು ಘಳಿಗೆಯನ್ನು ಅಪರಿಚಿತನೊಬ್ಬ ಅರ್ಧ ವಾಕ್ಯದಲ್ಲಿ ಕಸಿದುಕೊಂಡ.

ಕಳೆದುಹೋದ ಆ ಓದು ಈ ಬೇಸಿಗೆಯಲ್ಲಿ ನನಗೆ ಮರಳಿ ಸಿಕ್ಕಿತು. ಕೊಟ್ಟವರು ನನ್ನ ಕುಟೀರದ ಹತ್ತು ಹುಡುಗಿಯರು.

ಎಲ್ಲರೂ ಹತ್ತು ಹನ್ನೊಂದರ ಆಸುಪಾಸಿನವರು. ಜೂನ್ 24ರ ಭಾನುವಾರ ಬಂದರು. ನಾಲ್ಕು ವಾರ ಮುಗಿಸಿ ಈ ಶನಿವಾರ ಬೆಳಿಗ್ಗೆ ಹೊರಡುತ್ತಾರೆ, ಪುಸ್ತಕ ಬರುವ ದಿನವೇ. ಎರಡನೆಯ ರಾತ್ರಿ ಮನೆಯ ನೆನಪಿನಿಂದ ಮೂವರು ಒಟ್ಟಿಗೆ ಅಳುತ್ತಿದ್ದಾಗ, ಬೇರೇನೂ ತೋಚದೆ ಚೀಲದಿಂದ ಆರನೆಯ ಪುಸ್ತಕ ತೆಗೆದು ಟಾರ್ಚ್ ಬೆಳಕಿನಲ್ಲಿ ಓದತೊಡಗಿದೆ. ಹಿಂದಿನ ಐದನ್ನೂ ಎಲ್ಲರೂ ಓದಿದ್ದರು. ಆರನೆಯದನ್ನು ಓದಿದ್ದವರು ಮೂವರೇ. ಆ ಮೂವರನ್ನು ಮರುದಿನ ಬಾವಿಕಟ್ಟೆಯ ಹತ್ತಿರ ಕರೆದು, ಕೊನೆಯವರೆಗೂ ಏನೂ ಹೇಳಕೂಡದು ಎಂದು ಮಾತು ತೆಗೆದುಕೊಂಡೆ. ಹನ್ನೊಂದು ವರ್ಷದ ಮಕ್ಕಳು ಮೂರೂವರೆ ವಾರ ಒಂದು ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವುದೆಂದರೆ ಸಾಮಾನ್ಯವಲ್ಲ. ಇಟ್ಟುಕೊಂಡರು.

ಪುಸ್ತಕದಲ್ಲಿ ಮೂವತ್ತು ಅಧ್ಯಾಯಗಳಿವೆ. ಗಟ್ಟಿಯಾಗಿ ಓದಿದರೆ ಒಂದಕ್ಕೆ ಹೆಚ್ಚುಕಡಿಮೆ ನಲವತ್ತು ನಿಮಿಷ. ದೋಣಿಯಲ್ಲಿ ಹೋಗಿ ಆಚೆ ದಡದಲ್ಲಿ ಮಲಗಿದ ಎರಡು ರಾತ್ರಿ ಓದಲಾಗಲಿಲ್ಲ, ಅದಕ್ಕೆ ಕೆಲವು ದಿನ ಎರಡೆರಡು ಓದಿ ಸರಿದೂಗಿಸಿದೆ. ನಿನ್ನೆಗೆ ಇಪ್ಪತ್ತೇಳು ಮುಗಿದಿವೆ.

ಇನ್ನು ಹಗಲಿನ ಕೆಲಸ. ಏಳಕ್ಕೆ ಗಂಟೆ. ಎದ್ದ ಕೂಡಲೇ ಒಬ್ಬೊಬ್ಬರ ಮಂಡಿಯ ಹಿಂದೆ, ಕಿವಿಯ ಹಿಂದೆ, ಕೂದಲ ಅಂಚಿನಲ್ಲಿ ಉಣ್ಣಿ ಹುಳ ಕಚ್ಚಿಕೊಂಡಿದೆಯೇ ಎಂದು ನೋಡಬೇಕು. ಔಷಧಿ ತೆಗೆದುಕೊಳ್ಳುವವರನ್ನು ಸಾಲಾಗಿ ದಾದಿಯ ಬಳಿ ಕರೆದೊಯ್ಯಬೇಕು. ಒದ್ದೆ ಕಾಲುಚೀಲಗಳನ್ನು ಹಗ್ಗಕ್ಕೆ ಹಾಕಿಸಬೇಕು. ಇಪ್ಪತ್ತು ಕಾಲುಚೀಲ ಹೋದರೆ ಹದಿನೇಳು ಮರಳುತ್ತವೆ. ಮಧ್ಯಾಹ್ನದ ಒಂದು ಗಂಟೆಯ ವಿಶ್ರಾಂತಿಯಲ್ಲಿ ಮಕ್ಕಳು ಮನೆಗೆ ಕಾಗದ ಬರೆಯುತ್ತಾರೆ. ಮನೆಯ ನೆನಪು ಹೆಚ್ಚು ಕಾಡುವುದು ಆ ಗಂಟೆಯಲ್ಲಿ ಮತ್ತು ದೀಪ ಆರಿದ ಮೇಲೆ. ಕೈಗೆ ಕೆಲಸವಿರುವಾಗ ಯಾರೂ ಅಳುವುದಿಲ್ಲ.

ನನ್ನ ಮುಖ್ಯ ಹೊಣೆ ಕೆರೆಯದು. ಈಜಲು ಇಳಿಯುವ ಪ್ರತಿ ಮಗುವಿಗೂ ಒಂದು ಜೋಡಿ ಇರಬೇಕು. ದಡದ ಹಲಗೆಯಲ್ಲಿ ಇಬ್ಬರ ಹೆಸರಿನ ಬಿಲ್ಲೆಗಳೂ ಒಂದೇ ಮೊಳೆಗೆ ತೂಗುತ್ತವೆ. ಹತ್ತು ನಿಮಿಷಕ್ಕೊಮ್ಮೆ ನಾನು ಸೀಟಿ ಊದುತ್ತೇನೆ. ಊದಿದೊಡನೆ ಎಲ್ಲರೂ ತಮ್ಮ ಜೋಡಿಯ ಕೈ ಹಿಡಿದು ಮೇಲೆತ್ತಿ, ಅಲುಗಾಡದೆ ನಿಲ್ಲಬೇಕು. ನಾನು ಜೋಡಿಗಳನ್ನು ಎಣಿಸಿ, ಹಲಗೆಯ ಲೆಕ್ಕಕ್ಕೆ ತಾಳೆ ನೋಡಿ, ಸರಿಯಿದ್ದರೆ ಎರಡನೆಯ ಸೀಟಿ. ತಾಳೆಯಾಗದಿದ್ದರೆ ಎಲ್ಲರೂ ನೀರಿನಿಂದ ಹೊರಗೆ, ಸಿಬ್ಬಂದಿಯೆಲ್ಲ ಒಳಗೆ; ತೋಳಿಗೆ ತೋಳು ಹೆಣೆದು, ಕಾಲಿನಿಂದ ತಳ ತಡವುತ್ತ ಸಾಲಾಗಿ ನಡೆಯಬೇಕು. ಈ ಬೇಸಿಗೆಯಲ್ಲಿ ಅದನ್ನು ಅಭ್ಯಾಸಕ್ಕೆಂದು ಮಾತ್ರ ಮಾಡಿದ್ದೇವೆ. ಅಭ್ಯಾಸವೆಂದು ಗೊತ್ತಿದ್ದರೂ ಪಾದಕ್ಕೆ ಒಂದು ಬೇರು ತಾಗಿದಾಗ ಎದೆ ಹೊಡೆದುಕೊಂಡಿದ್ದು ಇನ್ನೂ ನೆನಪಿದೆ.

ಹಾಗಿರುವಾಗ ಮಂಗಳವಾರ ರಾತ್ರಿ ನಾನು ಓದಿದ್ದು ಇಪ್ಪತ್ತಾರನೆಯ ಅಧ್ಯಾಯ, ಗುಹೆಯದು. ಒಳಗೆ ಕಪ್ಪು ಸರೋವರ, ಅದರ ತಳದಲ್ಲಿ ಹೆಣಗಳು, ನೀರು ಮುಟ್ಟಿದರೆ ಮೇಲೇಳುವ ಬಿಳಿಚಿದ ಕೈಗಳು. ಓದುವಾಗ ಮಕ್ಕಳು ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ನನಗೆ ಸಂತೋಷವಾಗಿತ್ತು. ಮರುದಿನ ಬೆಳಿಗ್ಗೆ ಇಬ್ಬರು ಕೆರೆಗೆ ಇಳಿಯಲೊಲ್ಲರು. ಬಿಲ್ಲೆ ಕೈಯಲ್ಲಿ ಹಿಡಿದು, ದಡದಲ್ಲಿ ಹೆಬ್ಬೆರಳು ಮಾತ್ರ ನೀರಿಗೆ ಸೋಕಿಸಿ ನಿಂತಿದ್ದಾರೆ. ಏಕೆಂದು ಕೇಳಿದರೆ ಒಬ್ಬಳು ಮೆಲ್ಲಗೆ "ತಳ ಕಾಣುವುದಿಲ್ಲವಲ್ಲ" ಎಂದಳು.

ನನ್ನದೇ ತಪ್ಪು. ನೀರಿನ ಭಯ ಬಿಡಿಸಬೇಕಾದವಳೇ ಭಯವನ್ನು ತಂದು ಹಾಕಿದ್ದೆ. ಸೀಟಿಯನ್ನು ಜೊತೆಗಾರ್ತಿಗೆ ಕೊಟ್ಟು, ಇಬ್ಬರ ಕೈಯನ್ನೂ ಹಿಡಿದು ಒಂದೊಂದೇ ಹೆಜ್ಜೆ ಇಳಿದೆ. ಮೊಣಕಾಲು ಮುಳುಗುವಷ್ಟು ನೀರಿನಲ್ಲಿ ನಿಂತು, ಬಗ್ಗಿ ತಳದಿಂದ ಒಂದು ಹಿಡಿ ತೆಗೆದು ಅಂಗೈಯಲ್ಲಿ ತೋರಿಸಿದೆ: ಮರಳು, ಕೊಳೆತ ಎಲೆ, ಉಗುರಿನಷ್ಟಿರುವ ಬಸವನಹುಳದ ಚಿಪ್ಪು. ಸೊಂಟದ ನೀರಿನಲ್ಲಿ ಮತ್ತೊಂದು ಹಿಡಿ. ಎದೆಮಟ್ಟದ ನೀರಿನಲ್ಲಿ ನಾನೇ ಮುಳುಗಿ ಮೂರನೆಯ ಹಿಡಿ ತಂದೆ. ನಾಲ್ಕನೆಯದನ್ನು ತರಲು, ತಳ ಕಾಣುವುದಿಲ್ಲ ಎಂದವಳೇ ಮುಳುಗಿದಳು. ಆ ಚಿಪ್ಪು ಈಗ ಅವಳ ದಿಂಬಿನ ಕೆಳಗಿದೆ.

ನಿನ್ನೆ ರಾತ್ರಿ ಇಪ್ಪತ್ತೇಳನೆಯದು, ಗೋಪುರದ ಅಧ್ಯಾಯ. ಅದಕ್ಕಾಗಿ ಮಧ್ಯಾಹ್ನ ದೋಣಿಮನೆಯಲ್ಲಿ ಒಬ್ಬಳೇ ಕುಳಿತು ಗಟ್ಟಿಯಾಗಿ ಓದಿ ತಯಾರಿ ಮಾಡಿಕೊಂಡೆ. ಅಲ್ಲಿಯೇ ಸಿಕ್ಕಿಹಾಕಿಕೊಂಡೆ.

ಡಂಬಲ್‌ಡೋರ್ ಸಾಯುವ ಮುನ್ನ, ತಮ್ಮನ್ನು ಕೊಲ್ಲುವ ಶಿಕ್ಷಕ ಸ್ನೇಪ್‌ನ ಹೆಸರು ಹಿಡಿದು, ದಯವಿಟ್ಟು ಎನ್ನುತ್ತಾರೆ. ಅಷ್ಟೇ. ಕಣ್ಣಿನಲ್ಲಿ ಓದುವಾಗ ಆ ಮಾತಿನ ಮೇಲೆ ಸುಮ್ಮನೆ ಹಾದುಹೋಗಬಹುದು. ಎರಡು ವರ್ಷದಲ್ಲಿ ನಾನು ಹತ್ತಾರು ಸಲ ಹಾಗೆಯೇ ಹಾದುಹೋಗಿದ್ದೇನೆ. ಬಾಯಿಬಿಟ್ಟು ಓದುವವರಿಗೆ ಆ ಅನುಕೂಲವಿಲ್ಲ. ಆ ಮಾತಿಗೆ ಒಂದು ದನಿ ಕೊಡಲೇಬೇಕು. ಪ್ರಾಣ ಉಳಿಸು ಎಂದು ಬೇಡುವ ದನಿಯೇ, ಕೊಟ್ಟ ಮಾತು ನಡೆಸು ಎಂದು ನೆನಪಿಸುವ ದನಿಯೇ? ಮೊದಲನೆಯ ಬಗೆಯಲ್ಲಿ ನಾಲ್ಕೈದು ಸಲ ಹೇಳಿನೋಡಿದೆ. ನಾಲಿಗೆ ಒಪ್ಪಲಿಲ್ಲ. ಸಾವಿಗೆ ಹೆದರದ ಮನುಷ್ಯ ಅವರು. ಹಿಂದಿನ ಐದು ಪುಸ್ತಕಗಳಲ್ಲಿ ಕೇಳದ ಗೋಳು ಈಗ ಎಲ್ಲಿಂದ ಬರಬೇಕು?

ಆಮೇಲೆ ಹಿಂದಿನ ಅಧ್ಯಾಯಕ್ಕೆ ಹೋದೆ. ಗುಹೆಯಲ್ಲಿ ಡಂಬಲ್‌ಡೋರ್ ಹ್ಯಾರಿಯಿಂದ ಮಾತು ತೆಗೆದುಕೊಂಡಿದ್ದಾರೆ: ನಾನು ಎಷ್ಟೇ ಬೇಡವೆಂದರೂ ಈ ವಿಷವನ್ನು ಕುಡಿಸುತ್ತಲೇ ಇರಬೇಕು ಎಂದು. ಹ್ಯಾರಿ ಕುಡಿಸುತ್ತಾನೆ, ತಾನು ಮಾಡುತ್ತಿರುವುದನ್ನು ಕಂಡು ತನ್ನನ್ನೇ ದ್ವೇಷಿಸುತ್ತಾನೆ, ಹೇಸುತ್ತಾನೆ. ಮುಂದಿನ ಅಧ್ಯಾಯದಲ್ಲಿ ಮಂತ್ರದಂಡವೆತ್ತುವ ಸ್ನೇಪ್‌ನ ಮುಖದ ಮೇಲೆ ಇರುವುದೂ ದ್ವೇಷ ಮತ್ತು ಹೇಸಿಗೆ. ಎರಡೂ ಕಡೆ ಅದೇ ಎರಡು ಭಾವ. ಒಬ್ಬರನ್ನು ಪ್ರೀತಿಸುತ್ತಲೇ ಅವರ ಆಣತಿಯಂತೆ ಅವರಿಗೆ ನೋವು ಕೊಡಬೇಕಾಗಿ ಬಂದವನ ಮುಖ ಹೇಗಿರುತ್ತದೆಂದು ಲೇಖಕಿ ಮೊದಲು ಹ್ಯಾರಿಯ ಒಳಗಿನಿಂದ ತೋರಿಸಿ, ಮರುಕ್ಷಣವೇ ಅದೇ ಮುಖವನ್ನು ಹೊರಗಿನಿಂದ ತೋರಿಸಿದ್ದಾರೆ. ನನಗೆ ಈಗ ಅನುಮಾನವೇ ಇಲ್ಲ. ಸ್ನೇಪ್ ದ್ರೋಹಿಯಲ್ಲ. ಶನಿವಾರ ಬೇರೆ ಏನಾದರೂ ಹೇಳಿದರೆ ಕೇಳುತ್ತೇನೆ, ಆದರೆ ಇಂದು ಇದನ್ನು ಬರೆದಿಡುತ್ತಿದ್ದೇನೆ.

ರಾತ್ರಿ ಆ ಪುಟ ಹತ್ತಿರವಾಗುತ್ತಿದ್ದಂತೆ, ಗುಟ್ಟು ಕಾದ ಮೂವರಲ್ಲಿ ಒಬ್ಬಳು ಸದ್ದಿಲ್ಲದೆ ತನ್ನ ಮಂಚದಿಂದ ಇಳಿದಳು. ಅವಳು ಬರಿಗಾಲಿನಲ್ಲಿ ನಡೆದು ಹೋಗಿ, ಮೊದಲ ವಾರ ಎಲ್ಲರಿಗಿಂತ ಹೆಚ್ಚು ಅತ್ತವಳ ಹಾಸಿಗೆಯ ಅಂಚಿನಲ್ಲಿ ಕುಳಿತುಕೊಂಡಳು. ಅವಳಿಗೆ ಏನಾಗಲಿದೆಯೆಂದು ಗೊತ್ತಿತ್ತು, ಇವಳಿಗೆ ಗೊತ್ತಿರಲಿಲ್ಲ. ನಾನು ನೋಡಿದೆ, ಓದು ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಮುಂದುವರಿಸಲು ಆಗುತ್ತಿರಲಿಲ್ಲ.

ಮುಗಿದ ಮೇಲೆ ಸುಮಾರು ಹೊತ್ತು ಯಾರೂ ಮಾತನಾಡಲಿಲ್ಲ. ಮೇಲಿನ ಮಂಚದಿಂದ ಜೋತುಬಿದ್ದಿದ್ದ ಒಂದು ಕೈ ಕಂಬಳಿಯ ನೂಲನ್ನು ಎಳೆಯುತ್ತಲೇ ಇತ್ತು, ಅರ್ಧ ಗೇಣಿನಷ್ಟು ಉದ್ದಕ್ಕೆ. ಆ ಕೈಯವಳೇ ಕೊನೆಗೆ ಕೇಳಿದಳು: "ಅವರು ಜೀವ ಉಳಿಸು ಎಂದು ಬೇಡಿದ ಹಾಗೆ ನೀವು ಓದಲಿಲ್ಲ. ಏಕೆ?"

"ಹಾಗೆ ಓದಲು ಆಗಲಿಲ್ಲ" ಎಂದೆ. ಅಷ್ಟಕ್ಕೇ ಬಿಟ್ಟೆ, ಅವರು ತಾವೇ ಯೋಚಿಸಲಿ ಎಂದು. ಇಂದು ಬೆಳಿಗ್ಗೆ ಹತ್ತೂ ಮಂದಿ ಚೀಟಿಯಲ್ಲಿ ತಮ್ಮ ತೀರ್ಪು ಬರೆದು ಬ್ಯಾಟರಿಯ ಖಾಲಿ ಡಬ್ಬಿಗೆ ಹಾಕಿದ್ದಾರೆ. ಸ್ನೇಪ್ ಕೆಟ್ಟವನು ಎಂದವರು ಆರು, ಒಳ್ಳೆಯವನು ಎಂದವರು ಮೂವರು. ಒಬ್ಬಳು ಚೀಟಿಯ ಎರಡೂ ಬದಿಯಲ್ಲಿ ಬರೆದಿದ್ದಾಳೆ, ಬದಿಗೊಂದು ಉತ್ತರ. ಕಳೆದ ವರ್ಷ ಲೇಖಕಿ ಒಂದು ಸಂದರ್ಶನದಲ್ಲಿ, ಸಾಯಿಸಬೇಕೆಂದು ಮೊದಲು ಎಣಿಸಿರದ ಇಬ್ಬರು ಕೊನೆಯ ಪುಸ್ತಕದಲ್ಲಿ ಸಾಯುತ್ತಾರೆ, ಒಬ್ಬರಿಗೆ ಬದುಕು ಸಿಕ್ಕಿದೆ ಎಂದಿದ್ದರು. ಆ ಮೂವರು ಯಾರಿರಬಹುದೆಂಬ ಚರ್ಚೆ ಹಲ್ಲುಜ್ಜುವಾಗಲೂ ನಡೆಯುತ್ತಿದೆ.

ಅಮೆರಿಕದಲ್ಲಿಯೇ ಮೊದಲ ಮುದ್ರಣ 1.2 ಕೋಟಿ ಪ್ರತಿಗಳಂತೆ. ನಮ್ಮ ಶಿಬಿರಕ್ಕೆ ಬೇಕಿರುವುದು ಹದಿನಾಲ್ಕು. ಶುಕ್ರವಾರ ರಾತ್ರಿ ಶಿಬಿರಾಗ್ನಿ ಮುಗಿದ ಮೇಲೆ ನಮ್ಮ ವ್ಯಾನ್ ಚಾಲಕರು ಪಟ್ಟಿ ಹಿಡಿದು ಹೊರಡುತ್ತಾರೆ, ಮಧ್ಯರಾತ್ರಿಯ ಸರದಿಯಲ್ಲಿ ನಿಲ್ಲುತ್ತಾರೆ. ಅವರು ಈ ಸರಣಿಯ ಒಂದು ಪುಟವನ್ನೂ ಓದಿದವರಲ್ಲ. ಕೇಳಿದ್ದಕ್ಕೆ ಆಗಲಿ ಎಂದರು, ಅಷ್ಟೇ.

ಪುಸ್ತಕ ನನ್ನ ಕೈಗೆ ಬರುವಾಗ ರಾತ್ರಿ ಎರಡಾಗಬಹುದು. ಒಂಬತ್ತಕ್ಕೆ ಪೋಷಕರ ಕಾರುಗಳು ಬರತೊಡಗುತ್ತವೆ. ಕೆಲವು ಕಾರುಗಳ ಹಿಂದಿನ ಸೀಟಿನಲ್ಲಿ ಪುಸ್ತಕವೂ, ಅದನ್ನು ರಾತ್ರಿಯಿಡೀ ಓದಿದ ಅಣ್ಣನೋ ಅಕ್ಕನೋ ಇರುತ್ತಾರೆ. ಆಮೇಲೆ ಕಥೆ ನನ್ನ ಕೈಯಲ್ಲಿ ಇರುವುದಿಲ್ಲ. ಅದಕ್ಕೆ ಇಂದು ಮಧ್ಯಾಹ್ನ ಮುಖ್ಯಸ್ಥೆಯ ಬಳಿ ಹೋಗಿ, ಶನಿವಾರ ಐದೂವರೆಗೆ ಮಕ್ಕಳನ್ನು ಎಬ್ಬಿಸಿ ಮೊದಲ ಅಧ್ಯಾಯ ಓದಿಬಿಡುತ್ತೇನೆ, ಅನುಮತಿ ಕೊಡಿ ಎಂದು ಕೇಳಿದೆ. ಅವರು ಲೆಕ್ಕದ ಪುಸ್ತಕದಿಂದ ತಲೆಯೆತ್ತದೆ, "ಪೆಟ್ಟಿಗೆಗಳೆಲ್ಲ ಶುಕ್ರವಾರ ಸಂಜೆಯೇ ಕಟ್ಟಿರಬೇಕು" ಎಂದರು. ಬಾಗಿಲ ಬಳಿ ಬಂದಿದ್ದೆ, ಕರೆದು ಮತ್ತೆ ಹೇಳಿದರು: "ದೋಣಿಮನೆಯಲ್ಲಿ ಓದಿ. ಬೇರೆ ಕುಟೀರದವರು ಮಲಗಿರುತ್ತಾರೆ. ನಾನೂ ಬರುತ್ತೇನೆ."

ರಾತ್ರಿ ಎರಡರಿಂದ ಐದೂವರೆಯವರೆಗೆ ಅದು ನನ್ನ ಹಾಸಿಗೆಯ ಪಕ್ಕದಲ್ಲಿರುತ್ತದೆ. ತೆರೆಯುವುದಿಲ್ಲ. ಮಕ್ಕಳಿಗೆ ಮಾತು ಕೊಟ್ಟಿದ್ದೇನೆ.

ಏಳೂವರೆಯಾಯಿತು. ಇಂದು ಇಪ್ಪತ್ತೆಂಟು, ಇಪ್ಪತ್ತೊಂಬತ್ತು ಎರಡೂ ಆಗಬೇಕು. ನಾಳೆ ಶಿಬಿರಾಗ್ನಿಯ ಮೇಲೆ ಕೊನೆಯದು, ಅಂತ್ಯಕ್ರಿಯೆಯದು. ಗಂಟಲು ಒಣಗಿದೆ, ಬಿಸಿನೀರು ಕುಡಿದುಕೊಂಡೇ ಹೋಗಬೇಕು. ಟಾರ್ಚ್‌ನ ಬೆಳಕು ನಿನ್ನೆಯೇ ಹಳದಿಗೆ ತಿರುಗಿತ್ತು. ಉಗ್ರಾಣದವರಿಂದ ಎರಡು ಹೊಸ ಬ್ಯಾಟರಿ ತೆಗೆದುಕೊಂಡಿದ್ದೇನೆ, ಶನಿವಾರಕ್ಕೆಂದು ಇನ್ನೆರಡು.