ಹುಟ್ಟು ನಿಲ್ಲಿಸಿದ ದೂರ

ಅಮ್ಮನನ್ನು ರಂಗನತಿಟ್ಟು ಪಕ್ಷಿಧಾಮಕ್ಕೆ ಕರೆದೊಯ್ದದ್ದು ಎರಡನೆಯ ಪ್ರಯತ್ನದಲ್ಲಿ. ಮೊದಲ ಸಲ ಹೋದದ್ದು ಮಳೆಗಾಲದಲ್ಲಿ. ಮೇಲಿನ ಕೃಷ್ಣರಾಜಸಾಗರದಿಂದ ಹೆಚ್ಚು ನೀರು ಬಿಟ್ಟಿದ್ದರಿಂದ ದೋಣಿವಿಹಾರ ನಿಂತಿತ್ತು. ಹೊರಹರಿವು ಏರಿದಾಗ ಹೊಳೆಯ ನಡುವಿನ ಇಲ್ಲಿನ ತಿಟ್ಟುಗಳೇ ಮುಳುಗುತ್ತವೆ ಎಂಬುದನ್ನು ಅಂದು ದಡದಲ್ಲಿ ನಿಂತು ಕೆಂಪು ನೀರನ್ನು ನೋಡಿದಾಗಲೇ ನಾವು ಅರ್ಥಮಾಡಿಕೊಂಡದ್ದು. ಆದ್ದರಿಂದ ಈ ಬಾರಿ ಫೆಬ್ರವರಿ ಕೊನೆಯ ವಾರದಲ್ಲಿ, ಜನಸಂದಣಿ ಕಡಿಮೆಯಿರುವ ಬುಧವಾರ ಬೆಳಿಗ್ಗೆ ಹೊರಟೆವು.

ಮಂಡಿನೋವಿನ ಅಮ್ಮ ದೋಣಿ ಹತ್ತುವಲ್ಲಿ ಹಿಂಜರಿದರು. ಸಿಬ್ಬಂದಿಯೊಬ್ಬರು ಲೈಫ್ ಜಾಕೆಟ್ಟಿನ ಪಟ್ಟಿ ಬಿಗಿದರು. ಅಂಬಿಗರು ದೋಣಿ ಅಲುಗದಂತೆ ಹುಟ್ಟನ್ನು ಊರಿ ಹಿಡಿದು, "ನನ್ನ ಹೆಗಲು ಹಿಡ್ಕೊಳ್ಳಿ ಅಮ್ಮಾ, ನಡುವಿನ ಹಲಗೆ ಮೇಲೆ ಕಾಲಿಡಿ" ಎಂದರು. ವಯಸ್ಸಾದವರನ್ನು ಹೊಳೆಯ ನಡುವಿಗೆ ಕರೆದೊಯ್ಯುವ ಕಡೆ ಇಂಥ ಒಂದು ಹೆಗಲಿಗಿಂತ ದೊಡ್ಡ ಸೌಲಭ್ಯವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಬಂಡೆಯೊಂದರ ಮೇಲೆ ಮೊಸಳೆ ಬಾಯಿ ತೆರೆದು ಮಲಗಿತ್ತು. ಅದು ಮೈಯ ಬಿಸಿಯನ್ನು ಹೊರಬಿಡುವ ಬಗೆಯೆಂದು ಅಂಬಿಗರು ಹೇಳಿದ ಮೇಲೆ ಅಮ್ಮನ ಹಿಡಿತ ಸ್ವಲ್ಪ ಸಡಿಲಿತು. ಬಾಯ್ಕಳಕ ಕೊಕ್ಕರೆಯ ಕೊಕ್ಕಿನ ನಡುವಿನ ಸಂದಿಯನ್ನೂ ಅವರೇ ತೋರಿಸಿದರು. ಬಸವನಹುಳುವನ್ನು ಹಿಡಿದು ತಿನ್ನುವ ಈ ಹಕ್ಕಿಯ ಮರಿಗಳಿಗೆ ಆ ಸಂದಿ ಇರುವುದಿಲ್ಲವಂತೆ, ಬೆಳೆದಂತೆ ಮೂಡುತ್ತದಂತೆ.

ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿದ್ದ ತಿಟ್ಟಿನಿಂದ ಸಾಕಷ್ಟು ದೂರದಲ್ಲೇ ಅಂಬಿಗರು ಹುಟ್ಟು ನಿಲ್ಲಿಸಿದರು. ಹಿಂದೆ ಕುಳಿತಿದ್ದ ಯುವಕ ಮೊಬೈಲ್ ಎತ್ತಿ ಹಿಡಿದು ಎದ್ದುನಿಂತು, ಇನ್ನೂ ಹತ್ತಿರ ಹೋಗುವಂತೆ ಕೇಳಿದ. "ಮೊದಲು ಕೂತ್ಕೊಳ್ಳಪ್ಪ. ಹತ್ತಿರ ಹೋದ್ರೆ ತಾಯಿ ಹಕ್ಕಿ ಏಳುತ್ತೆ. ಮೊಟ್ಟೆ ಬಿಸಿಲಿಗೆ ಬೀಳುತ್ತೆ, ಕಾಗೆ ಕಾಯ್ತಾ ಇರುತ್ತೆ" ಎಂದರು ಅಂಬಿಗರು. ಅವರು ಹೇಳಿದ್ದು ನಮ್ಮ ಕಣ್ಣೆದುರಿಗೇ ಇತ್ತು: ಒಂದು ಕೊಕ್ಕರೆ ರೆಕ್ಕೆಗಳನ್ನು ಅರೆಬಿಚ್ಚಿ, ಬಿಸಿಲಿಗೆ ಬೆನ್ನುಕೊಟ್ಟು, ಗೂಡಿನೊಳಗಿನ ಬಿಳಿ ತುಪ್ಪುಳಿನ ಮರಿಗೆ ನೆರಳಾಗಿ ನಿಂತಿತ್ತು. ಯುವಕ ಕುಳಿತ. ಆಮೇಲೆ ಒಂದೆರಡು ನಿಮಿಷ ಯಾರೂ ಮಾತಾಡಲಿಲ್ಲ; ಹುಟ್ಟಿನ ತುದಿಯಿಂದ ನೀರು ತೊಟ್ಟಿಕ್ಕುವುದು ಕೇಳಿಸುತ್ತಿತ್ತು.

17ನೇ ಶತಮಾನದಲ್ಲಿ ಕಾವೇರಿಗೆ ಕಟ್ಟಿದ ಕಟ್ಟೆಯಿಂದ ಮೂಡಿದ ಈ ತಿಟ್ಟುಗಳು, ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾದವು. 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳಾದ ರಾಮ್ಸಾರ್ ತಾಣಗಳ ಪಟ್ಟಿಗೂ ಸೇರಿದವು. ಇಷ್ಟೆಲ್ಲ ರಕ್ಷಣೆಯಿದ್ದರೂ ಆ ಹೊತ್ತಿನಲ್ಲಿ ಮರಿಯ ಪಾಲಿಗೆ ಲೆಕ್ಕಕ್ಕೆ ಬಂದದ್ದು ಅಂಬಿಗರು ಬಿಟ್ಟುಕೊಡದ ಆ ದೂರ ಮಾತ್ರ. ಗೂಡು ಕಟ್ಟುವ ತಿಂಗಳುಗಳಲ್ಲಿ ರಜಾದಿನದ ದೋಣಿಗಳ ಸಂಖ್ಯೆಗೆ ಕಟ್ಟುನಿಟ್ಟಿನ ಮಿತಿಯಿರಬೇಕೆಂದೂ, ಅದಕ್ಕಾಗಿ ನಾವು ಗಂಟೆಗಟ್ಟಲೆ ಕಾಯಬೇಕಾದರೂ ಸರಿಯೆಂದೂ ನಾನು ನಂಬಿದ್ದೇನೆ. ಕಾಯುವವರಿಗೆ ನೆರಳು, ಕುಡಿಯುವ ನೀರು, ಶೌಚಾಲಯಗಳಿದ್ದರೆ ಸಾಕು. ಹಕ್ಕಿಯ ಹತ್ತಿರಕ್ಕೆ ಹೋಗುವ ಅನುಕೂಲ ಬೇಕಿಲ್ಲ.

ದಡಕ್ಕೆ ಬಂದಾಗ ಇಳಿಯುವವರಲ್ಲಿ ಆ ಯುವಕನೇ ಮುಂದಿದ್ದ. ಅಂಬಿಗರು ಹುಟ್ಟು ಊರಿ ನಿಲ್ಲುವಷ್ಟರಲ್ಲಿ ಅವನು ತಿರುಗಿ ಅಮ್ಮನಿಗೆ ಕೈಕೊಟ್ಟ.